ಮೆಮೊರಿ ಗ್ರಾಫ್ ಮಾಡಿಸಲು ಬೇರೆಯವರ ಕೈಗೆ ಕೊಡುವ ಮುನ್ನ ಇದನ್ನು ಓದಿ

ಪ್ರೋಗ್ರಾಮಿನ ಮೆಮೊರಿ ಬಳಕೆಯ ದತ್ತಾಂಶವನ್ನು ಮುದ್ರಣಕ್ಕೆ ಸಿದ್ಧವಾದ ಗ್ರಾಫ್ ಮಾಡಿಕೊಡುತ್ತೇವೆ ಎನ್ನುವವರಿಗೆ ದಯವಿಟ್ಟು ಪೂರ್ತಿ ಹಣವನ್ನು ಮೊದಲೇ ಕೊಡಬೇಡಿ. ಅವರು ಕೊಟ್ಟ ಗ್ರಾಫನ್ನು ಮೂಲ ಫೈಲಿನೊಂದಿಗೆ ತಾಳೆ ನೋಡದೆ ಯಾರ ಮುಂದೆಯೂ ಇಡಬೇಡಿ. ಈ ಎರಡು ತಪ್ಪನ್ನೂ ಮಾಡಿದವನು ನಾನು. ಸಭೆಯಲ್ಲಿ ತಲೆ ತಗ್ಗಿಸಿ ಕುಳಿತು ಎರಡು ವಾರ ಕಳೆದರೂ ಸಿಟ್ಟು ಇಳಿದಿಲ್ಲ.

ನಮ್ಮದು ಹ್ಯಾಸ್ಕೆಲ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆದ ಪ್ರೋಗ್ರಾಮ್. 4 ಜಿಬಿ ಮೆಮೊರಿಯ ಸರ್ವರಿನಲ್ಲಿ ಅದು ಆಗಾಗ ಅರ್ಧಕ್ಕೇ ನಿಂತುಹೋಗುತ್ತಿತ್ತು. ಮೆಮೊರಿ ಸಾಲದೆ ಲಿನಕ್ಸ್ ವ್ಯವಸ್ಥೆಯ ತಿರುಳಾದ ಕರ್ನೆಲ್ಲೇ ಅದನ್ನು ಕೊನೆಗೊಳಿಸುತ್ತಿದೆ ಎಂಬುದು ಲಾಗ್‌ನಲ್ಲಿ ಸ್ಪಷ್ಟವಾಗಿತ್ತು. ಮೆಮೊರಿ ತಿನ್ನುತ್ತಿರುವುದು ನಮ್ಮ ಪ್ರೋಗ್ರಾಮೋ, ಅದೇ ಸರ್ವರಿನಲ್ಲಿರುವ ಇನ್ನೊಂದು ತಂಡದ ಪ್ರೋಗ್ರಾಮೋ ಎಂಬುದಷ್ಟೇ ತೀರ್ಮಾನವಾಗಬೇಕಿತ್ತು. ಹೆಚ್ಚು ಮೆಮೊರಿ ಇರುವ ಬೇರೊಂದು ಯಂತ್ರದಲ್ಲಿ ಹೀಪ್ ಪ್ರೊಫೈಲ್, ಅಂದರೆ ಪ್ರೋಗ್ರಾಮಿನ ದತ್ತಾಂಶ ಕ್ಷಣಕ್ಷಣಕ್ಕೆ ಎಷ್ಟು ಮೆಮೊರಿ ಹಿಡಿದಿದೆ ಎಂಬ ದಾಖಲೆ, ತೆಗೆದೆ. ಆರು ನಿಮಿಷದ ಓಟ, 0.1 ಸೆಕೆಂಡಿಗೊಂದು ಅಳತೆ ಅಂದರೆ ಸ್ಯಾಂಪಲ್, ಒಟ್ಟು 3,600ರ ಹತ್ತಿರ. ವರದಿಯಲ್ಲಿ ಅಚ್ಚುಕಟ್ಟಾದ ಗ್ರಾಫ್ ಇರಲಿ ಎಂಬ ಆಸೆಯಿಂದ, ಸಮಯವೂ ಇಲ್ಲದ ಕಾರಣ, ಈ ಕೆಲಸವನ್ನೇ ಮಾಡುತ್ತೇವೆಂದು ಹೇಳಿಕೊಂಡ ಒಬ್ಬರಿಗೆ ಫೈಲ್ ಕಳುಹಿಸಿ, ಕೇಳಿದಷ್ಟು ಹಣವನ್ನೂ ಒಟ್ಟಿಗೇ ಕೊಟ್ಟೆ.

ಬಂದ ಗ್ರಾಫ್ ನೋಡಲು ಸುಂದರವಾಗಿತ್ತು, ಅದನ್ನು ನಾನು ಅಲ್ಲಗಳೆಯುವುದಿಲ್ಲ. ನಯವಾದ ಅಲೆಗಳು, ತಿಳಿ ಬಣ್ಣದ ಪಟ್ಟಿಗಳು, ಎಲ್ಲಿಯೂ 720 ಎಂಬಿ ದಾಟದ ರೇಖೆ. ಹೀಪ್ ಪ್ರೊಫೈಲ್ ತೋರಿಸುವುದು ಜೀವಂತ, ಅಂದರೆ ಇನ್ನೂ ಬಳಕೆಯಲ್ಲಿರುವ, ದತ್ತಾಂಶವನ್ನು ಮಾತ್ರ. ಅದನ್ನು ಬೇರೆಡೆಗೆ ನಕಲು ಮಾಡಿ, ಬೇಡವಾದ ಮೆಮೊರಿಯನ್ನು ಶುಚಿಗೊಳಿಸುವ ಗಾರ್ಬೇಜ್ ಕಲೆಕ್ಟರ್‌ಗೆ ಅದರ ಸುಮಾರು ಮೂರು ಪಟ್ಟು ಮೆಮೊರಿ ಬೇಕಾಗಬಹುದು ಎಂಬುದು ನನಗೆ ಗೊತ್ತಿತ್ತು. 720ರ ಮೂರು ಪಟ್ಟು ಎಂದರೆ 2,160 ಎಂಬಿ. 4 ಜಿಬಿಗೆ ಇನ್ನೂ ಬೇಕಾದಷ್ಟು ದೂರ. ಹಾಗಾಗಿ ತಪ್ಪು ನಮ್ಮದಲ್ಲ, ಆ ಇನ್ನೊಂದು ತಂಡದ್ದು ಎಂದು ವರದಿಯಲ್ಲಿ ಬರೆದೆ, ಸಭೆಯಲ್ಲಿ ಗಟ್ಟಿ ದನಿಯಲ್ಲಿ ಹೇಳಿಯೂ ಹೇಳಿದೆ.

ಆ ತಂಡದ ಹಿರಿಯರೊಬ್ಬರು ಮುದ್ರಿತ ಹಾಳೆಯನ್ನು ಬಹಳ ಹೊತ್ತು ನೋಡಿದರು. ಕಪ್ಪು ಬಿಳುಪು ಪ್ರಿಂಟರಿನಲ್ಲಿ ತೆಗೆದದ್ದರಿಂದ ಬಣ್ಣದ ಪಟ್ಟಿಗಳೆಲ್ಲ ಒಂದೇ ಬೂದಿ ಬಣ್ಣಕ್ಕೆ ತಿರುಗಿದ್ದವು, ಜೆಪೆಗ್ ಚಿತ್ರವಾದ್ದರಿಂದ ಅಕ್ಷರಗಳ ಅಂಚು ಮಸುಕಾಗಿತ್ತು. ಅವರು ಆಕ್ಷೇಪಿಸಿದ್ದು ಅದನ್ನಲ್ಲ. "ಹೀಪ್ ಪ್ರೊಫೈಲ್ ಇಷ್ಟು ನುಣುಪಾಗಿ ಇರುವುದಿಲ್ಲವಲ್ಲ, ಮೂಲ ಫೈಲ್ ಇದೆಯೇ?" ಎಂದು ಕೇಳಿದರು. ಕೊಟ್ಟೆ. ಅವರು ಲ್ಯಾಪ್‌ಟಾಪಿನಲ್ಲಿ ಎಚ್‌ಪಿ2ಪಿಎಸ್ ಎಂಬ ಆದೇಶವನ್ನು ಒಂದೇ ಸಾಲಿನಲ್ಲಿ ಕೊಟ್ಟರು. ಹ್ಯಾಸ್ಕೆಲ್‌ನ ಜಿಎಚ್‌ಸಿ ಕಂಪೈಲರಿನ ಜೊತೆಗೇ ಬರುವ, ಹೀಪ್ ಪ್ರೊಫೈಲನ್ನು ಗ್ರಾಫ್ ಮಾಡುವ, ಬಿಡಿಗಾಸು ಖರ್ಚಿಲ್ಲದ ಸಾಧನ ಅದು. ಪೋಸ್ಟ್‌ಸ್ಕ್ರಿಪ್ಟ್ ಎಂಬ ಮುದ್ರಣ ರೂಪದ ಫೈಲ್ ತಯಾರಾಯಿತು, ಪರದೆಯ ಮೇಲೆ ಬಂತು. ನಾಲ್ಕನೆಯ ನಿಮಿಷದ ಬಳಿ ಸೂಜಿಯಂತೆ ಎದ್ದು ನಿಂತ ಒಂದು ಶಿಖರ. 1,400 ಎಂಬಿ. ಎರಡೇ ಸೆಕೆಂಡಿನ ಶಿಖರ, ಆದರೆ ಮೂರು ಪಟ್ಟು ಮಾಡಿದರೆ 4,200 ಎಂಬಿ, ಸರ್ವರಿನ 4 ಜಿಬಿಗೂ ಮೀರಿ. ಸರ್ವರ್ ಕುಸಿಯುತ್ತಿದ್ದುದು ನಮ್ಮಿಂದಲೇ. ಕೋಣೆಯಲ್ಲಿ ಯಾರೂ ಮಾತಾಡಲಿಲ್ಲ. ನನ್ನ ಹಾಳೆಯಲ್ಲಿ ಆ ಶಿಖರ ಇರಲೇ ಇಲ್ಲ. ಇರಲೇ ಇಲ್ಲ!

ಅಂದು ಸಂಜೆ ಗ್ರಾಫ್ ಮಾಡಿಕೊಟ್ಟವರಿಗೆ ಬರೆದೆ. ಮೊದಲ ಉತ್ತರ: "ಸರ್, ಏರಿಳಿತ ಜಾಸ್ತಿ ಇದ್ದರೆ ಪ್ರಿಂಟ್‌ನಲ್ಲಿ ಚೆನ್ನಾಗಿ ಕಾಣುವುದಿಲ್ಲ, ಅದಕ್ಕೇ 60 ಸ್ಯಾಂಪಲ್‌ಗೆ ಒಂದು ಸರಾಸರಿ ತೆಗೆದುಕೊಂಡಿದ್ದೇವೆ. ಎಲ್ಲರಿಗೂ ಹೀಗೇ ಮಾಡಿಕೊಡುವುದು." ಆರು ಸೆಕೆಂಡಿಗೆ ಒಂದು ಚುಕ್ಕೆ! 20 ಸ್ಯಾಂಪಲ್‌ಗಳ 1,400ನ್ನು, ಅಕ್ಕಪಕ್ಕದ 40 ಸ್ಯಾಂಪಲ್‌ಗಳ 380ರ ಜೊತೆ ಕಲಸಿದರೆ ಬರುವುದೇ ಆ 720. ಸರಾಸರಿ ಮಾಡಿದ್ದೇವೆಂದು ಗ್ರಾಫಿನ ಮೇಲಾಗಲಿ, ಜೊತೆಗಿನ ಪತ್ರದಲ್ಲಾಗಲಿ ಒಂದು ಪದವೂ ಇರಲಿಲ್ಲ ಎಂದು ಕೇಳಿದ್ದಕ್ಕೆ ಎರಡನೆಯ ಉತ್ತರ: "ಒಟ್ಟು ವಿಸ್ತೀರ್ಣ ಮೂಲದಷ್ಟೇ ಇದೆ ಸರ್, ಬೇಕಾದರೆ ಲೆಕ್ಕ ಹಾಕಿ ನೋಡಿ. ದತ್ತಾಂಶ ಏನೂ ಕಳೆದಿಲ್ಲ." ಲೆಕ್ಕ ಹಾಕಿದೆ, ರೇಖೆಯ ಕೆಳಗಿನ ವಿಸ್ತೀರ್ಣ ಅಷ್ಟೇ ಇತ್ತು. ನನ್ನನ್ನು ಹೆಚ್ಚು ಉರಿಸಿದ್ದು ಈ ಮಾತೇ. ಪ್ರೋಗ್ರಾಮನ್ನು ಕೊಲ್ಲುವುದು ವಿಸ್ತೀರ್ಣವಲ್ಲ, ಆ ಒಂದು ಕ್ಷಣದ ಎತ್ತರ. ಮೆಮೊರಿ ಗ್ರಾಫ್ ಮಾಡಿಕೊಡುತ್ತೇವೆಂದು ಹಣ ಪಡೆಯುವವರಿಗೆ ಇಷ್ಟು ತಿಳಿಯದೆ ಹೋದರೆ ಹೇಗೆ? ತಿಳಿದೂ ಮುಚ್ಚಿಟ್ಟರೆ ಅದಕ್ಕೆ ಏನನ್ನಬೇಕು? ಹಣ ವಾಪಸ್ ಕೇಳಿದ್ದಕ್ಕೆ ಬಂದ ಮೂರನೆಯ ಉತ್ತರ: "ಗ್ರಾಫ್ ಕೇಳಿದಿರಿ, ಗ್ರಾಫ್ ಕೊಟ್ಟಿದ್ದೇವೆ." ಆಮೇಲೆ ಉತ್ತರವೇ ಇಲ್ಲ.

ನೀವು ಯಾರಿಗಾದರೂ ಕೊಡಲೇಬೇಕಾದರೆ, ಮೂಲ ಫೈಲಿನ ಗರಿಷ್ಠ ಮೌಲ್ಯವನ್ನು ಮೊದಲೇ ಬರೆದಿಟ್ಟುಕೊಳ್ಳಿ. ಪ್ರತಿ ಸ್ಯಾಂಪಲ್ಲಿನ ಸಾಲುಗಳನ್ನು ಕೂಡಿಸಿ ದೊಡ್ಡದನ್ನು ಹುಡುಕುವ ಪುಟ್ಟ ಸ್ಕ್ರಿಪ್ಟ್ ಸಾಕು. ಗ್ರಾಫಿನ ತುದಿ ಆ ಸಂಖ್ಯೆಗೆ ಹೊಂದದಿದ್ದರೆ ಒಂದು ಪೈಸೆಯನ್ನೂ ಕೊಡಬೇಡಿ. ಜೆಪೆಗ್ ಒಪ್ಪಿಕೊಳ್ಳಬೇಡಿ, ಪೋಸ್ಟ್‌ಸ್ಕ್ರಿಪ್ಟ್ ಅಥವಾ ಪಿಡಿಎಫ್ ಕೇಳಿ. ಹ್ಯಾಸ್ಕೆಲ್ ಪ್ರೋಗ್ರಾಮಾದರೆ ಯಾರನ್ನೂ ಕೇಳಬೇಡಿ, ಎಚ್‌ಪಿ2ಪಿಎಸ್ ನಿಮ್ಮ ಯಂತ್ರದಲ್ಲೇ ಇದೆ. ಬಣ್ಣದ ಆಯ್ಕೆ ಕೊಡದಿದ್ದರೆ ಕಪ್ಪು ಬಿಳುಪಿಗೆ ಒಗ್ಗುವ ಛಾಯೆಗಳಲ್ಲೇ ಬರೆದುಕೊಡುತ್ತದೆ. ಸಿ ಭಾಷೆಯ ಪ್ರೋಗ್ರಾಮಿಗೆ ವಾಲ್‌ಗ್ರಿಂಡ್ ಸಾಧನಗಳಲ್ಲಿ ಮೆಮೊರಿ ಅಳೆಯುವ ಮ್ಯಾಸಿಫ್ ಇದೆ, ಅದರ ಎಂಎಸ್_ಪ್ರಿಂಟ್ ಆದೇಶ ಬರಿಯ ಅಕ್ಷರಗಳಲ್ಲೇ ಗ್ರಾಫ್ ಬರೆದು ಶಿಖರದ ಕಂಬವನ್ನು ಬೇರೆ ಗುರುತಿನಿಂದ ತೋರಿಸುತ್ತದೆ.

ಹೊಸ ಗ್ರಾಫಿನೊಂದಿಗೆ ತಿದ್ದಿದ ವರದಿಯನ್ನು ಕಳುಹಿಸಿದ್ದೇನೆ. ಮೊದಲ ಪುಟದಲ್ಲಿ ಆ ಇನ್ನೊಂದು ತಂಡದ ಕ್ಷಮೆ ಕೇಳಿದ್ದೇನೆ.