9 ವ್ಯಾಟಿನ ಎಲ್‌ಇಡಿ ಬಲ್ಬು: ಕೊಳ್ಳುವಾಗ ವ್ಯಾಟ್ ಅಷ್ಟೇ ಅಲ್ಲ, ವೋಲ್ಟೇಜೂ ನೋಡಿ

60 ವ್ಯಾಟಿನ ಗುಂಡು ಬಲ್ಬು ಕೊಡುತ್ತಿದ್ದಷ್ಟು ಬೆಳಕನ್ನು 9 ವ್ಯಾಟಿನ ಎಲ್‌ಇಡಿ ಕೊಡುತ್ತದೆ. ದಿನಕ್ಕೆ 6 ತಾಸು ಉರಿದರೆ ಗುಂಡು ಬಲ್ಬಿಗೆ ತಿಂಗಳಿಗೆ 10.8 ಯೂನಿಟ್ ಬೇಕು, ಎಲ್‌ಇಡಿಗೆ 1.6 ಸಾಕು. ಪಡಸಾಲಿ, ಅಡುಗೆಮನೆ, ಬಚ್ಚಲು, ಅಂಗಳ ಎಂದು ಐದು ಬಲ್ಬು ಬದಲಿಸಿದರೆ ತಿಂಗಳಿಗೆ ಹತ್ತಿರ ಹತ್ತಿರ 46 ಯೂನಿಟ್ ಉಳಿಯುತ್ತದೆ. ಗೃಹಜ್ಯೋತಿ ಇದ್ದವರಿಗೂ ಈ ಲೆಕ್ಕ ಬೇಕೇ ಬೇಕು. 200 ಯೂನಿಟ್ ದಾಟಿದ ತಿಂಗಳು ಪೂರ್ತಿ ಬಿಲ್ಲು ಕಟ್ಟಬೇಕಾಗುತ್ತದೆ. ಕೂಲರ್ ಓಡುವ ಬ್ಯಾಸಿಗೆಯಲ್ಲಿ ಆ ಗೆರೆ ದಾಟುವುದು ಬಹಳ ಸುಲಭ.

ಆದರೆ ಮನೆಯಲ್ಲಿ 15 ವ್ಯಾಟಿನ ಸಿಎಫ್‌ಎಲ್ ಚೆನ್ನಾಗಿ ಉರಿಯುತ್ತಿದ್ದರೆ ಕಿತ್ತುಹಾಕುವ ಅವಸರ ಬೇಡ. ಅಲ್ಲಿ ಉಳಿಯುವುದು ತಿಂಗಳಿಗೆ ಒಂದೇ ಯೂನಿಟ್. ಅದು ಕೆಟ್ಟ ಮೇಲೆ ಬದಲಿಸಿ. ಒಳಗೆ ಪಾದರಸ ಇರುವುದರಿಂದ ಒಡೆಯದಂತೆ ಇಳಿಸಿ. ಒಡೆದರೆ ಕಿಟಕಿ ತೆಗೆದು, ಫ್ಯಾನ್ ಬಂದ್ ಮಾಡಿ, ಚೂರುಗಳನ್ನು ದಪ್ಪ ಕಾಗದದಿಂದ ಎತ್ತಬೇಕು. ಕಸಬರಿಗೆ ಆಡಿಸಬಾರದು.

ಇನ್ನು ಬಾಳಿಕೆ. ಡಬ್ಬಿಯ ಮೇಲೆ 25,000 ತಾಸು ಎಂದಿರುತ್ತದೆ. ದಿನಕ್ಕೆ 6 ತಾಸಿನಂತೆ ಅದು 11 ವರ್ಷ. ಹಳ್ಳಿ ಕಡೆ ಎಷ್ಟೋ ಬಲ್ಬು ಎರಡು ವರ್ಷವೂ ಬಾಳುವುದಿಲ್ಲ. ಆ 25,000 ತಾಸು ಬೆಳಕು ಕೊಡುವ ಚಿಪ್ಪಿನ ಲೆಕ್ಕ. ಮೊದಲು ಸಾಯುವುದು ಸಾಮಾನ್ಯವಾಗಿ ಅದಕ್ಕೆ ಕರೆಂಟ್ ಹದಮಾಡಿ ಕೊಡುವ ಡ್ರೈವರ್. ಪಂಪ್‌ಸೆಟ್ಟುಗಳು ಓಡುವಾಗ ವೋಲ್ಟೇಜ್ ಕುಗ್ಗುತ್ತದೆ, ಎಲ್ಲ ಒಟ್ಟಿಗೆ ಬಂದ್ ಆದಾಗ ಜಿಗಿಯುತ್ತದೆ. ಟಿಸಿ (ಟ್ರಾನ್ಸ್‌ಫಾರ್ಮರ್) ಹತ್ತಿರ ನ್ಯೂಟ್ರಲ್ ತಂತಿ ಕಡಿದರಂತೂ ಕೆಲವು ಮನೆಗಳಿಗೆ 230ರ ಬದಲು 400 ವೋಲ್ಟಿನವರೆಗೆ ನುಗ್ಗಬಹುದು. ಒಂದೇ ರಾತ್ರಿ ಓಣಿಯ ಬಲ್ಬುಗಳೆಲ್ಲ ಹೋದವು ಅಂದರೆ ಬಹುತೇಕ ಇದೇ ಕಾರಣ.

ಹೀಗಾಗಿ ಡಬ್ಬಿಯಲ್ಲಿ ಮೊದಲು ಓದಬೇಕಾದ್ದು ವೋಲ್ಟೇಜ್. 220–240 ಎಂದಷ್ಟೇ ಇದ್ದರೆ ನಮ್ಮ ಕಡೆಗೆ ಅದು ಬೇಡ. 100–300 ಎಂದು ಬರೆದದ್ದನ್ನೇ ಕೇಳಿ. ಸರ್ಜ್, ಅಂದರೆ ಒಮ್ಮೆಲೇ ನುಗ್ಗುವ ವೋಲ್ಟೇಜನ್ನು ತಾಳುವ ಶಕ್ತಿ, 2.5 ಕೆವಿ (ಕಿಲೋವೋಲ್ಟ್) ಅಥವಾ 4 ಕೆವಿ ಎಂದಿದ್ದರೆ ಇನ್ನೂ ಒಳ್ಳೆಯದು. ಬಿಐಎಸ್ ಗುರುತು ಮತ್ತು ಅದರ ಜೊತೆ R- ಎಂದು ಶುರುವಾಗುವ ನೋಂದಣಿ ನಂಬರು, ಸ್ಟಾರ್ ಲೇಬಲ್ ಇರಲೇಬೇಕು. ಸಂತೆಯಲ್ಲಿ ರಾಶಿ ಹಾಕಿ ಮಾರುವ ಸೋವಿ ಬಲ್ಬುಗಳಲ್ಲಿ ಇವು ಯಾವುವೂ ಇರುವುದಿಲ್ಲ, ಹತ್ತಿಪ್ಪತ್ತು ರೂಪಾಯಿ ಉಳಿಸಲು ಅವನ್ನು ತರಬೇಡಿ. ಗ್ಯಾರಂಟಿಗೆ ಬಿಲ್ಲು ಇಸಿದುಕೊಳ್ಳಿ. ಅಂಗಡಿಯವರು ಬಲ್ಬಿನ ಬುಡದಲ್ಲಿ ತಾರೀಖು ಬರೆದರೆ ಅದು ಅಳಿಸದಂತೆ ನೋಡಿಕೊಳ್ಳಿ.

ಕೆಟ್ಟ ಬಲ್ಬಿನ ಬಿಳಿ ಮುಚ್ಚಳ ತೆಗೆದರೆ ಕಾರಣ ಕಣ್ಣಿಗೇ ಕಾಣುತ್ತದೆ. ಸುತ್ತಲೂ ಹಳದಿ ಚುಕ್ಕೆಗಳಂತೆ ಚಿಪ್ಪುಗಳಿರುತ್ತವೆ. ಒಂದರ ಮೇಲೆ ಸೂಜಿಮೊನೆಯಷ್ಟು ಕಪ್ಪು ಕಲೆ ಇದ್ದರೆ ಆ ಚಿಪ್ಪು ಸುಟ್ಟಿದೆ. ಎಲ್ಲ ಒಂದೇ ಸಾಲಿನಲ್ಲಿ ಜೋಡಿಸಿರುವುದರಿಂದ ಒಂದು ಹೋದರೆ ಉಳಿದವೂ ಆರುತ್ತವೆ. ಇದು ಹೆಚ್ಚಾಗಿ ಕಾವಿನಿಂದ ಬರುವ ಕೇಡು. ಚಿಪ್ಪುಗಳೆಲ್ಲ ಸ್ವಚ್ಛವಾಗಿದ್ದು, ಕೆಳಗಿನ ಉರುಟು ಕೆಪಾಸಿಟರಿನ ತಲೆ ಉಬ್ಬಿದ್ದರೆ ಡ್ರೈವರ್ ಹೋಗಿದೆ. ಸುಟ್ಟ ಚಿಪ್ಪಿನ ಮೇಲೆ ಸೋಲ್ಡರ್ ಹಾಕಿ ಉರಿಸಿಕೊಡುವವರಿದ್ದಾರೆ. ಉಳಿದ ಚಿಪ್ಪುಗಳಿಗೆ ಭಾರ ಹೆಚ್ಚಾಗಿ ಆ ಬಲ್ಬು ಬೇಗ ಮತ್ತೆ ಹೋಗುತ್ತದೆ, ಮುಚ್ಚಳ ಹಾಕದೆ ತೂಗಿಬಿಟ್ಟರೆ ಮುಟ್ಟಿದವರಿಗೆ ಶಾಕ್ ಹೊಡೆಯುತ್ತದೆ. ಈ ರಿಪೇರಿ ಬೇಡವೇ ಬೇಡ.

ವಿಜಯಪುರದ ಬ್ಯಾಸಿಗೆಯಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಆಗ ತಗಡಿನ ಶೆಡ್ಡಿನಲ್ಲಿ ತಗಡಿಗೆ ಅಂಟಿಸಿದಂತೆ ಹೋಲ್ಡರ್ ಹಾಕಬಾರದು, ಒಂದೆರಡು ಅಡಿ ವಾಯರ್ ಇಳಿಬಿಟ್ಟು ಹಾಕಬೇಕು. ನಾಲ್ಕೂ ಕಡೆ ಮುಚ್ಚಿದ ಗಾಜಿನ ಗೋಳದೊಳಗೂ ಹಾಕಬಾರದು. ಗಾಳಿ ಆಡದಿದ್ದರೆ ಕೆಪಾಸಿಟರ್ ಒಣಗುತ್ತದೆ.

ಸ್ವಿಚ್ ಬಂದ್ ಮಾಡಿದ ಮೇಲೂ ಬಲ್ಬು ಮಿಣಮಿಣ ಉರಿಯುತ್ತದೆ ಎಂಬ ದೂರು ಹಳೆಯ ಮನೆಗಳಲ್ಲಿ ಸಾಮಾನ್ಯ. ಬಲ್ಬಿನ ತಪ್ಪಲ್ಲ ಅದು. ಹೆಚ್ಚಾಗಿ ಸ್ವಿಚ್ಚನ್ನು ಫೇಸಿನ ಬದಲು ನ್ಯೂಟ್ರಲ್ ತಂತಿಗೆ ಕೊಟ್ಟಿರುತ್ತಾರೆ. ಸ್ವಿಚ್ ಬಂದ್ ಮಾಡಿ, ಬಲ್ಬು ತೆಗೆದು, ಹೋಲ್ಡರಿನ ಪಿನ್ನಿಗೆ ಟೆಸ್ಟರ್ ಇಡಿ. ಟೆಸ್ಟರ್ ಉರಿದರೆ ಫೇಸ್ ನೇರ ಬಂದಿದೆ ಎಂದರ್ಥ. ಗುಂಡು ಬಲ್ಬಿನ ಕಾಲದಲ್ಲಿ ಗೊತ್ತಾಗದೆ ಇದ್ದ ಅಪಾಯವನ್ನು ಎಲ್‌ಇಡಿ ತೋರಿಸಿಕೊಡುತ್ತದೆ. ಮೇನ್ ಬಂದ್ ಮಾಡಿಸಿ, ಲೈನ್ ಕೆಲಸ ಬಲ್ಲವರಿಂದ ತಂತಿ ಅದಲುಬದಲು ಮಾಡಿಸಿ. ಸ್ವಿಚ್ಚಿನಲ್ಲಿ ಸಣ್ಣ ಕೆಂಪು ದೀಪ ಇದ್ದರೂ ಹೀಗೆ ಮಿಣುಕುವುದುಂಟು, ಅದಕ್ಕೆ ಹೆದರಬೇಕಿಲ್ಲ.

ಇಳಕಲ್, ಗುಳೇದಗುಡ್ಡ, ರಬಕವಿ-ಬನಹಟ್ಟಿಯ ಮಗ್ಗದ ಮನೆಗಳಿಗೆ ಮಾತ್ರ ಈ ಸಾದಾ ಬಲ್ಬು ಸಾಲದು. ನೀಲಿ ಛಾಯೆಯ 6500 ಕೆಲ್ವಿನ್ (ಬೆಳಕಿನ ಛಾಯೆಯ ಅಳತೆ) ಬೆಳಕು ಕಣ್ಣಿಗೆ ಚುರುಕಾಗಿ ಕಂಡರೂ ದಟ್ಟ ಕೆಂಪನ್ನು ಸಪ್ಪೆ ಮಾಡುತ್ತದೆ. ಗಿರಿಕುಂಕುಮ ಮತ್ತು ದಾಳಿಂಬೆ ಬಣ್ಣದ ಎಳೆಗಳು ರಾತ್ರಿ ಒಂದೇ ಎನಿಸಿ, ಬೆಳಗ್ಗೆ ಅಂಗಳದಲ್ಲಿ ಸೀರೆ ಬಿಚ್ಚಿದಾಗ ಸೆರಗಿನ ವ್ಯತ್ಯಾಸ ಎದ್ದು ಕಾಣುತ್ತದೆ. ಮಗ್ಗದ ಮೇಲೆ 4000 ಕೆಲ್ವಿನ್, ಸಿಆರ್‌ಐ (ಬಣ್ಣ ಎಷ್ಟು ನಿಜವಾಗಿ ಕಾಣುತ್ತದೆ ಎಂಬ ಅಳತೆ) 90 ಎಂದಿರುವ ಬಲ್ಬು ಹಾಕಿ. ಬೆಲೆ ಹೆಚ್ಚು, ಆದರೆ ಆ ಒಂದು ಜಾಗಕ್ಕೆ ಹಣ ಹಾಕಲು ಹಿಂಜರಿಯಬೇಡಿ. ಪವರ್‌ಲೂಮ್ ಇದ್ದರೆ ಇನ್ನೊಂದು ಪರೀಕ್ಷೆ ಬೇಕು: ಉರಿಯುವ ಬಲ್ಬಿಗೆ ಮೊಬೈಲ್ ಕ್ಯಾಮೆರಾ ಹಿಡಿಯಿರಿ. ಪರದೆಯ ಮೇಲೆ ಕಪ್ಪು ಪಟ್ಟೆಗಳು ಹರಿದಾಡಿದರೆ ಆ ಬೆಳಕು ಮಿಡಿಯುತ್ತಿದೆ, ಅದರಡಿ ತಿರುಗುವ ಚಕ್ರ ನಿಂತಂತೆ ಕಾಣಬಹುದು. ಅಂಥದ್ದನ್ನು ಅಂಗಡಿಯಲ್ಲೇ ಬಿಟ್ಟು ಬನ್ನಿ. ಹೋಗುವಾಗ ಎರಡು ಕೆಂಪಿನ ಎಳೆ ಜೇಬಿನಲ್ಲಿರಲಿ. ಬಲ್ಬು ಹಚ್ಚಿಸಿ, ಅದರ ಕೆಳಗೆ ಎಳೆ ಹಿಡಿದು, ಎರಡೂ ಬೇರೆ ಬೇರೆ ಕಂಡರಷ್ಟೇ ಕೊಳ್ಳಿ.