ಹಿಂದೆ ಬರುತ್ತಿರುವ ಅಕ್ಕ: ಫೇಟಲ್ ಫ್ರೇಮ್ 2, ಹದಿನೈದು ವರ್ಷ ಆಡಿದ ಮೇಲೆ

ಫೇಟಲ್ ಫ್ರೇಮ್ 2 ಎಂಬ ದೆವ್ವದ ವಿಡಿಯೋ ಗೇಮಿನ ಈ ಡಿಸ್ಕ್ ನನ್ನ ಕೈಗೆ ಬಂದದ್ದು 2009ರಲ್ಲಿ. ಅಮೆರಿಕದಿಂದ ವಾಪಸ್ಸಾದ ಚಿಕ್ಕಮ್ಮನ ಮಗ ಗೇಮ್ ಆಡುವ ತನ್ನ ಕನ್ಸೋಲ್ ಪ್ಲೇಸ್ಟೇಷನ್ 2 ಜೊತೆಗೆ ನಾಲ್ಕೈದು ಗೇಮುಗಳನ್ನೂ ನನಗೆ ದಾಟಿಸಿದ. ಮಿಕ್ಕವು ಎಲ್ಲಿ ಹೋದವೋ ಗೊತ್ತಿಲ್ಲ, ಇದೊಂದು ಉಳಿದುಕೊಂಡಿದೆ. ಆರು ಸಲ ಮುಗಿಸಿದ್ದೇನೆ, ಎರಡು ಸಲ ಅರ್ಧಕ್ಕೆ ಬಿಟ್ಟಿದ್ದೇನೆ. ಬಿಟ್ಟದ್ದು ಬೇಸರಕ್ಕಲ್ಲ. ಮನೆಯಲ್ಲಿ ಒಬ್ಬನೇ ಇದ್ದೆ, ಮಳೆಗೆ ಕರೆಂಟ್ ಹೋಗಿ ಬಂದು ಮಾಡುತ್ತಿತ್ತು, ಅಷ್ಟೇ.

ಟೆಕ್ಮೊ ಕಂಪನಿ ಇದನ್ನು ಬಿಡುಗಡೆ ಮಾಡಿದ್ದು 2003ರಲ್ಲಿ. ಜಪಾನಿನಲ್ಲಿ ಈ ಸರಣಿಯ ಹೆಸರು 'ಝೀರೋ', ಯುರೋಪಿನಲ್ಲಿ 'ಪ್ರಾಜೆಕ್ಟ್ ಝೀರೋ', ಅಮೆರಿಕದಲ್ಲಿ 'ಫೇಟಲ್ ಫ್ರೇಮ್'. ಕೊಳ್ಳುವವರು ಇದನ್ನು ನೆನಪಿಟ್ಟುಕೊಳ್ಳಿ. ಬೇರೆ ಗೇಮ್ ಅಂದುಕೊಂಡು ನಾನು ಆನ್‌ಲೈನಿನಲ್ಲಿ ಒಬ್ಬರಿಂದ ಯುರೋಪಿನ ಡಿಸ್ಕ್ ತರಿಸಿದೆ. ನೋಡಿದರೆ ಅದೇ ಗೇಮ್. ಸಾಲದ್ದಕ್ಕೆ ಒಂದು ಪ್ರದೇಶದ ಡಿಸ್ಕ್ ಇನ್ನೊಂದು ಪ್ರದೇಶದ ಕನ್ಸೋಲಿನಲ್ಲಿ ಓಡುವುದಿಲ್ಲವಂತೆ, ನನ್ನ ಅಮೆರಿಕದ ಕನ್ಸೋಲಿನಲ್ಲಿ ಅದು ಓಡಲೇ ಇಲ್ಲ. 'ಎಲ್ಲದರಲ್ಲೂ ಓಡುತ್ತೆ ಸಾರ್' ಎಂದಿದ್ದ ಮನುಷ್ಯ ಆಮೇಲೆ ಫೋನ್ ಎತ್ತಲಿಲ್ಲ.

ಕಥೆಗೆ ಬರೋಣ. ಮಿಯೋ ಮತ್ತು ಮಾಯು ಅವಳಿ ಹುಡುಗಿಯರು. ಚಿಕ್ಕಂದಿನಲ್ಲಿ ಆಡುತ್ತಿದ್ದ ಕಾಡು ಇನ್ನೇನು ಅಣೆಕಟ್ಟಿನ ನೀರಿನಡಿ ಹೋಗುತ್ತದೆ ಎಂದು ಕೊನೆಯ ಸಲ ನೋಡಲು ಬಂದಿರುತ್ತಾರೆ. ನಾನು ಸಾಗರದ ಕಡೆಯವನು. ಲಿಂಗನಮಕ್ಕಿಯ ನೀರಿನಡಿ ಹೋದ ಊರುಗಳ ಮಾತು ಕೇಳಿಯೇ ಬೆಳೆದವನು. ಹಾಗಾಗಿ ದೆವ್ವ ಕಾಣಿಸಿಕೊಳ್ಳುವ ಮೊದಲೇ, 'ಮುಳುಗಡೆ' ಎಂಬ ಒಂದೇ ಮಾತಿಗೆ ನನ್ನ ಹೊಟ್ಟೆಯಲ್ಲಿ ಏನೋ ಆಯಿತು. ಅಲ್ಲಿಂದ ಮಾಯು ಒಂದು ಕೆಂಪು ಚಿಟ್ಟೆಯ ಹಿಂದೆ ನಡೆದುಬಿಡುತ್ತಾಳೆ, ಅವಳ ಹಿಂದೆ ಮಿಯೋ. ಕಾಡು ದಾಟಿದರೆ ಮಿನಾಕಾಮಿ ಎಂಬ ಹಳ್ಳಿ. ಅಲ್ಲಿ ಬೆಳಗಾಗುವುದಿಲ್ಲ.

ಅಲ್ಲಿನ ಆಚರಣೆ ಹೀಗೆ. ನೆಲದಡಿಯ ಪಾತಾಳದ ಬಾಯಿ ತೆರೆಯದಂತೆ ಅವಳಿಗಳಲ್ಲಿ ಒಬ್ಬರು ಇನ್ನೊಬ್ಬರನ್ನು ಬರಿಗೈಯಲ್ಲಿ ಕತ್ತು ಹಿಸುಕಿ ಕೊಲ್ಲಬೇಕು. ಸತ್ತ ಜೀವ ಕೆಂಪು ಚಿಟ್ಟೆಯಾಗಿ ಊರನ್ನು ಕಾಯುತ್ತದೆ ಎಂಬ ನಂಬಿಕೆ. ಯಾಯೆ ಮತ್ತು ಸಾಯೆ ಎಂಬ ಅವಳಿಗಳ ಸರದಿ ಬಂದಾಗ ಯಾಯೆ ಓಡಿಹೋದಳು, ಸಾಯೆ ಸಿಕ್ಕಿಬಿದ್ದಳು. ಅವಳೊಬ್ಬಳನ್ನೇ ಬಲಿ ಕೊಟ್ಟದ್ದರಿಂದ ಆಚರಣೆ ಕೆಟ್ಟಿತು, ಊರು ಕತ್ತಲಲ್ಲಿ ಮುಳುಗಿತು. ಈಗ ಸಾಯೆ ರಕ್ತವಾದ ಬಿಳಿ ಕಿಮೊನೊ ಉಟ್ಟು ನಗುತ್ತಾ ಓಡಾಡುತ್ತಾಳೆ. ಆ ನಗು ನನಗೆ ಇವತ್ತಿಗೂ ಆಗುವುದಿಲ್ಲ, ಕೇಳಿದ ತಕ್ಷಣ ಹೆಡ್‌ಫೋನ್ ತೆಗೆದಿಡುತ್ತೇನೆ.

ನಮ್ಮ ಕೈಯಲ್ಲಿ ಬಂದೂಕಿಲ್ಲ, ಕತ್ತಿಯಿಲ್ಲ. ಇರುವುದು ಒಂದು ಹಳೇ ಕ್ಯಾಮೆರಾ. ಫೋಟೊ ಹೊಡೆದರೆ ದೆವ್ವಕ್ಕೆ ಪೆಟ್ಟು. ದೂರದಿಂದ ಹೊಡೆದರೆ ಸೊಳ್ಳೆ ಕಚ್ಚಿದಷ್ಟು. ಅದು ಹತ್ತಿರ ಬಂದು, ನಮ್ಮ ಮೇಲೆ ಎರಗುವ ಆ ಅರೆಕ್ಷಣದಲ್ಲಿ ಹೊಡೆದರೆ ಮಾತ್ರ ಹಿಂದಕ್ಕೆ ಬೀಳುತ್ತದೆ. ಕೈಕಾಲು 'ಓಡು' ಅನ್ನುವಾಗ ಗೇಮ್ 'ನಿಲ್ಲು, ಇನ್ನೂ ಬರಲಿ' ಅನ್ನುತ್ತದೆ. ಮೊದಲ ಸಲ ನಾನು ಕಣ್ಣು ಮುಚ್ಚಿಕೊಂಡು ಬಟನ್ ಒತ್ತಿದ್ದೂ ಉಂಟು. 07 ನಂಬರಿನ ಫಿಲ್ಮ್ ಖಾಲಿಯಾಗುವುದಿಲ್ಲ, ಆದರೆ ಅದರ ಶಕ್ತಿ ಅಷ್ಟಕ್ಕಷ್ಟೆ. ಒಳ್ಳೆಯ ಫಿಲ್ಮನ್ನು ನಾನು ಜಿಪುಣನ ಹಾಗೆ ಕೂಡಿಟ್ಟು, ಕೊನೆಗೆ ಅರ್ಧದಷ್ಟು ಬಳಸದೆಯೇ ಗೇಮ್ ಮುಗಿಸಿದ್ದೇನೆ. ನೀವು ಹಾಗೆ ಮಾಡಬೇಡಿ.

ಆ ಹಳ್ಳಿಯ ಕಿರಿಯೂ ಎಂಬವರ ಮನೆಯ ಭಾಗದ ಬಗ್ಗೆ ಪ್ರತ್ಯೇಕವಾಗಿ ಹೇಳಲೇಬೇಕು. ಅವಳಿಗಳಲ್ಲಿ ಒಬ್ಬಳನ್ನು ಆಚರಣೆಗೆ ಕಳೆದುಕೊಂಡ ಅಪ್ಪ, ಉಳಿದ ಮಗಳ ದುಃಖ ನೋಡಲಾರದೆ ಸತ್ತವಳ ಹಾಗೆಯೇ ಒಂದು ಬೊಂಬೆ ಮಾಡಿಕೊಡುತ್ತಾನೆ. ಅಪ್ಪನದು ಪ್ರೀತಿಯೇ, ಆದರೆ ಆಗುವ ಅನಾಹುತವೆಲ್ಲ ಅದರಿಂದಲೇ. ಆಮೇಲೆ ಇಬ್ಬರು ಹುಡುಗಿಯರು ಒಟ್ಟಿಗೆ ಎದುರಾಗುತ್ತಾರೆ. ಯಾರು ಮಗಳು, ಯಾರು ಬೊಂಬೆ ಎಂದು ಪತ್ತೆ ಹಚ್ಚುವಷ್ಟರಲ್ಲಿ ನನ್ನ ಅಂಗೈ ಒದ್ದೆ. ಇದಕ್ಕಿಂತ ದೊಡ್ಡ ದೆವ್ವಗಳಿವೆ, ಮುಟ್ಟಿದರೆ ಸಾವು ಅನ್ನುವಂಥದ್ದೂ ಒಂದಿದೆ. ನನ್ನನ್ನು ಕಾಡಿದ್ದು ಮಾತ್ರ ಈ ಮನೆ.

ದೋಷಗಳಿಲ್ಲವೆ? ಬೇಕಾದಷ್ಟಿವೆ. ಮಿಯೋ ಓಡುವುದು ತುಂಬಿದ ಕೊಡ ಹೊತ್ತವಳ ಹಾಗೆ. ದೃಶ್ಯದ ಕೋನ ತಟ್ಟನೆ ಬದಲಾದಾಗ ಮುಂದೆ ಹೋಗುತ್ತಿದ್ದವರು ಬಂದ ಬಾಗಿಲಿಗೇ ವಾಪಸ್ ಬರುತ್ತೇವೆ. ನಡುವಿನ ಅಧ್ಯಾಯಗಳಲ್ಲಿ ಕೀಲಿಕೈ ಹುಡುಕುತ್ತಾ ಅದೇ ಮನೆಗಳಿಗೆ ಮತ್ತೆ ಮತ್ತೆ ಹೋಗುವುದು ಸಾಕಾಗುತ್ತದೆ. 2004ರಲ್ಲಿ ಬಂದ ಎಕ್ಸ್‌ಬಾಕ್ಸ್ ಆವೃತ್ತಿಯಲ್ಲಿ ಇನ್ನೊಂದು ಮುಕ್ತಾಯ ಸೇರಿಸಿದ್ದಾರೆ. 2012ರಲ್ಲಿ ವೀ ಕನ್ಸೋಲಿಗೆ ಹೊಸದಾಗಿ ಮಾಡಿದ್ದನ್ನು ಗೆಳೆಯನ ಮನೆಯಲ್ಲಿ ಆಡಿದೆ. ಚಿತ್ರ ಚೆನ್ನಾಗಿದೆ. ನೆಲದ ಮೇಲಿನ ವಸ್ತು ತೆಗೆಯಲು ಕೈ ನಿಧಾನಕ್ಕೆ ಚಾಚಿದಾಗ ಎಲ್ಲಿಂದಲೋ ಇನ್ನೊಂದು ಕೈ ಬಂದು ಹಿಡಿಯುವುದೂ ಇದೆ. ಆದರೂ ಹಳೆಯದರ ಮಸುಕು ಮಸುಕಾದ ಕತ್ತಲೆಯೇ ನನಗೆ ಇಷ್ಟ.

ಇಷ್ಟು ವರ್ಷ ಆಡಿದ ಮೇಲೆ ದೆವ್ವಗಳು ಎಲ್ಲೆಲ್ಲಿ ಬರುತ್ತವೆ ಎಂದು ಬಾಯಿಪಾಠ ಆಗಿದೆ. ಹೆದರಿಕೆ ಹೋಗದೆ ಉಳಿದಿರುವುದು ಬೇರೆ ಕಡೆ. ಮಾಯು ಕುಂಟುತ್ತಾಳೆ. ಚಿಕ್ಕವರಿದ್ದಾಗ ಮಿಯೋ ಮುಂದೆ ಓಡಿದಳು, ಹಿಂದೆ ಬಂದ ಮಾಯು ಬಿದ್ದು ಕಾಲು ಕೆಡಿಸಿಕೊಂಡಳು. ಗೇಮಿನಲ್ಲೂ ನಾವು ಓಡಿದರೆ ಅವಳು ಹಿಂದೆ ಉಳಿಯುತ್ತಾಳೆ. ಮಿಯೋ ಅವಳನ್ನು ಅಕ್ಕ ಎಂದೇ ಕರೆಯುವುದು. ಆದರೆ ಆ ಊರಿನ ಲೆಕ್ಕದಲ್ಲಿ ಅವಳಿಗಳಲ್ಲಿ ಎರಡನೆಯದಾಗಿ ಹುಟ್ಟಿದವಳೇ ಹಿರಿಯಳು, ತನ್ನ ಕೈಯಾರೆ ಇನ್ನೊಬ್ಬಳನ್ನು ಕೊಲ್ಲಬೇಕಾದವಳು ಆ ಹಿರಿಯಳೇ. ಇದು ತಿಳಿದ ಮೇಲೆ ಮೊದಲಿನಿಂದ ಆಡಿ ನೋಡಿ. ಮಾಯು ಬಾಯಲ್ಲಿ ಬರುವ ಒಂದೊಂದು ಮಾತಿನ ಅರ್ಥವೂ ಬೇರೆಯಾಗುತ್ತದೆ.

ಸಾಧ್ಯವಿದ್ದರೆ ಪ್ಲೇಸ್ಟೇಷನ್ 2 ಆವೃತ್ತಿಯನ್ನೇ ಆಡಿ, ಡಿಸ್ಕಿನ ಪ್ರದೇಶ ನೋಡಿಕೊಂಡು ಕೊಳ್ಳಿ. ಐದಕ್ಕೆ ನಾಲ್ಕೂವರೆ ಕೊಡುತ್ತೇನೆ, ಅರ್ಧ ಕಳೆದದ್ದು ಆ ಕೀಲಿಕೈಗಳಿಗೆ.

ಕಳೆದ ಮಳೆಗಾಲದಲ್ಲಿ ನನ್ನಕ್ಕ ಬಂದಿದ್ದಳು. ಅವಳಿಗೆ ಗೇಮ್ ಅಂದರೆ ಆಗದು, ಆದರೂ ಕಾಫಿ ಹಿಡಿದುಕೊಂಡು ಪಕ್ಕದಲ್ಲಿ ಕೂತು ಹತ್ತು ನಿಮಿಷ ನೋಡಿದಳು. ಆಮೇಲೆ ಕೇಳಿದಳು: 'ಯಾಕೋ ಹಂಗೆ ಓಡ್ತೀಯ? ಆ ಹುಡುಗಿ ಹಿಂದೆ ಬರ್ತಾ ಇದಾಳಲ್ಲ.' ಓಡುವ ಬಟನಿನಿಂದ ಬೆರಳು ತೆಗೆದೆ. ಆ ಸಲ ಗೇಮ್ ಮುಗಿಯಲು ಎರಡು ವಾರ ಹೆಚ್ಚಾಯಿತು.