ಡಯಾಲಿಸಿಸ್ ಚೀಲವನ್ನು ಬಚ್ಚಲ ಒಲೆಗೆ ಹಾಕಬೇಡಿ

ಅಪ್ಪನಿಗೆ ಮನೆಯಲ್ಲೇ ಹೊಟ್ಟೆಯ ಡಯಾಲಿಸಿಸ್ ಶುರುವಾದಾಗ ನಮಗೆ ಸಮಾಧಾನವೇ ಆಗಿತ್ತು. ಕಿಡ್ನಿ ಮಾಡಬೇಕಾದ ಕೆಲಸಕ್ಕೆ ಹೊಟ್ಟೆಯೊಳಗೆ ಪೈಪಿನಿಂದ ಔಷಧಿ ನೀರು ತುಂಬಿ, ಕೆಲವು ಗಂಟೆ ಬಿಟ್ಟು ಹೊರತೆಗೆಯುವುದು ಇದು. ಮೂಡಿಗೆರೆ ಕಡೆಯ ತೋಟದ ಮನೆ ನಮ್ಮದು. ಮಳೆಗಾಲದಲ್ಲಿ ವಾರಕ್ಕೆ ಮೂರು ಸಲ ಚಿಕ್ಕಮಗಳೂರಿಗೆ ಓಡುವುದು ತಪ್ಪಿತಲ್ಲ. ಕೈ ತೊಳೆಯುವುದು, ಮಾಸ್ಕ್ ಹಾಕುವುದು, ಫ್ಯಾನ್ ಆರಿಸುವುದು, ಎಲ್ಲವನ್ನೂ ನರ್ಸ್ ಚೆನ್ನಾಗಿ ಕಲಿಸಿದರು. ಖಾಲಿ ಚೀಲ ಎಲ್ಲಿ ಹಾಕಬೇಕು ಅಂತ ಅವರೂ ಹೇಳಲಿಲ್ಲ, ನಾವೂ ಕೇಳಲಿಲ್ಲ.

ದಿನಕ್ಕೆ 4 ಸಲ, ಸಲಕ್ಕೆ 2 ಲೀಟರ್. ತಿಂಗಳಿಗೆ 120 ಸೆಟ್ಟು. ಒಂದೊಂದರಲ್ಲೂ ಎರಡು ಚೀಲ, ಒಂದು ಒಳಗೆ ಹೋಗುವ ನೀರಿಗೆ, ಇನ್ನೊಂದು ಹೊರಗೆ ಬರುವ ನೀರಿಗೆ, ಜೊತೆಗೆ ಉದ್ದದ ಪೈಪು. ಕಸದ ಗಾಡಿ ನಮ್ಮ ಕಡೆ ಬರುವುದಿಲ್ಲ. ಎಲ್ಲ ಹೋಗುತ್ತಿದ್ದುದು ಬಚ್ಚಲ ಒಲೆಗೆ. ಹಂಡೆ ನೀರೂ ಕಾಯುತ್ತೆ, ಕಸವೂ ಖಾಲಿಯಾಗುತ್ತೆ ಅಲ್ವಾ! ಕಪ್ಪು ಹೊಗೆ ಬಂತು, ಕಣ್ಣು ಉರಿಯಿತು. ಮಗಳು ಕೆಮ್ಮಿದರೆ ಥಂಡಿ ಅಂದುಕೊಂಡೆವು. ಇಂಥ ಚೀಲ ಪಿವಿಸಿ ಅನ್ನುವ ಪ್ಲಾಸ್ಟಿಕ್‌ನದ್ದಾದರೆ ಸುಟ್ಟಾಗ ಹೈಡ್ರೋಜನ್ ಕ್ಲೋರೈಡ್, ಡಯಾಕ್ಸಿನ್‌ನಂಥ ವಿಷ ಹೊರಬರುತ್ತವೆ ಅಂತ ಗೊತ್ತಾಗಿದ್ದು ಆಮೇಲೆ. ಹೊಟ್ಟೆಯಿಂದ ಬಂದ ನೀರನ್ನು ಹಿತ್ತಲಿಗೆ ಸುರಿಯುತ್ತಿದ್ದೆವು. ಅದರಲ್ಲಿ ಗ್ಲೂಕೋಸ್ ಇರುತ್ತದೆ, ಇರುವೆಗಳಿಗೆ ಹಬ್ಬ.

ಇಷ್ಟಕ್ಕೇ ನಿಂತಿದ್ದರೆ ಇದನ್ನು ಬರೆಯುತ್ತಿರಲಿಲ್ಲ. ರಕ್ತ ಹೆಚ್ಚಲು ಅಪ್ಪನಿಗೆ ವಾರಕ್ಕೊಂದು ಇಂಜೆಕ್ಷನ್. ಸೂಜಿಯನ್ನು ಹಾಲಿನ ಕವರಿಗೆ ಹಾಕಿ ಕಟ್ಟಿಡುತ್ತಿದ್ದೆ. ಹಿತ್ತಲು ಗುಡಿಸಲು ಬರುವ ಅಕ್ಕ ಒಂದು ದಿನ ಆ ಕವರನ್ನು ಎತ್ತಿದರು. ಸೂಜಿ ಬೆರಳಿಗೆ ಇಳಿಯಿತು. ನಾನು ಬೆರಳು ಹಿಂಡಿ ರಕ್ತ ತೆಗೆಯಲು ಹೋದೆ, ಅದೂ ತಪ್ಪಂತೆ. ಸೋಪು ಹಾಕಿ ಹರಿಯುವ ನೀರಲ್ಲಿ ತೊಳೆದು ಕೂಡಲೇ ಆಸ್ಪತ್ರೆಗೆ ಹೋಗಬೇಕು. ಎಚ್‌ಐವಿ ತಡೆಯುವ ಮಾತ್ರೆ ಬೇಕಾದರೆ 72 ಗಂಟೆಯೊಳಗೆ ಶುರು ಮಾಡಬೇಕು, ಎಷ್ಟು ಬೇಗವೋ ಅಷ್ಟು ಒಳ್ಳೆಯದು. ಅಪ್ಪನ ಹೆಪಟೈಟಿಸ್ ಬಿ, ಸಿ ವರದಿ ನೆಗೆಟಿವ್ ಇತ್ತು. ಆದರೂ ಅಕ್ಕ ತಿಂಗಳುಗಟ್ಟಲೆ ಮತ್ತೆ ಮತ್ತೆ ಪರೀಕ್ಷೆ ಮಾಡಿಸಬೇಕಾಯಿತು. ಕೂಲಿ ಹೋದ ದಿನಗಳ ಹಣ ಕೊಟ್ಟೆವು. ಅವರು ನಿದ್ದೆಗೆಟ್ಟ ರಾತ್ರಿಗಳಿಗೆ ಏನು ಕೊಡುವುದು?

ಈಗ ನೀರನ್ನು ಕಮೋಡಿಗೆ ಮೆಲ್ಲಗೆ, ಸಿಡಿಯದಂತೆ ಸುರಿದು ಮುಚ್ಚಳ ಹಾಕಿ ಫ್ಲಶ್ ಮಾಡುತ್ತೇವೆ. ಖಾಲಿ ಚೀಲ, ಪೈಪು ಬೇರೆ ಕವರಿನಲ್ಲಿ. ಸೂಜಿಗೆ ಮುಚ್ಚಳ ಹಾಕಲು ಹೋಗದೆ ನೇರವಾಗಿ ಫಿನಾಯಿಲ್‌ನ ಗಟ್ಟಿ ಖಾಲಿ ಕ್ಯಾನಿಗೆ. ತಿಂಗಳ ತಪಾಸಣೆಗೆ ಹೋಗುವಾಗ ಎಲ್ಲವನ್ನೂ ಆಸ್ಪತ್ರೆಗೇ ಒಯ್ಯುತ್ತೇವೆ. ಮೊದಲು ಆಗಲ್ಲ ಅಂದರು, ಡಾಕ್ಟರಿಂದಲೇ ಹೇಳಿಸಿದ ಮೇಲೆ ತಗೊಂಡರು. 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮದ ಪ್ರಕಾರ ಆಸ್ಪತ್ರೆಯಲ್ಲಿ ಚೀಲ, ಪೈಪು ಕೆಂಪು ಡಬ್ಬಕ್ಕೆ, ಸೂಜಿ ಬಿಳಿ ಡಬ್ಬಕ್ಕೆ ಹೋಗುತ್ತವೆ. ರಟ್ಟಿನ ಬಾಕ್ಸು ಮಾತ್ರ ಗುಜರಿಗೆ.

ಒಂದು ಚೀಲವನ್ನು ಮಾತ್ರ ಖಾಲಿ ಮಾಡಬೇಡಿ. ನೀರು ಅಕ್ಕಿ ತೊಳೆದಂತೆ ಕದಡಿದ್ದರೆ ಅದು ಸೋಂಕಿನ ಲಕ್ಷಣ. ಅಂಥದ್ದನ್ನು ನಾವು ಒಮ್ಮೆ ಚೆಲ್ಲಿ ಬರಿಗೈಯಲ್ಲಿ ಆಸ್ಪತ್ರೆಗೆ ಹೋಗಿದ್ದೆವು. ಡಾಕ್ಟರ್ ಮೊದಲು ಕೇಳಿದ್ದೇ ಆ ಚೀಲವನ್ನು.